ಧನ್ಯವಾದಗಳು ಆದ ಮೇಲೆ

ನಮ್ಮ ಪಟ್ಟಣ ಕಚೇರಿಯಲ್ಲಿ ನನ್ನ ಕೆಲಸ ಜನರ ದೂರು ಕೇಳುವುದು. ಕೇಳುವುದು ಎಂದರೆ ಪೂರ್ತಿ ಕೇಳುವುದು ಎಂದು ನೀವು ತಿಳಿದುಕೊಂಡರೆ ಅದು ನಿಮ್ಮ ತಪ್ಪು. ಕಿಟಕಿಯ ಮುಂದೆ ಬಂದವರು ಬಾಯಿ ತೆರೆದರೆ ಸಾಕು, ನನಗೆ ಗೊತ್ತಾಗಿಬಿಡುತ್ತದೆ. "ಸಾರ್, ನಮ್ಮ ನಲ್ಲೀಲಿ..." ಎಂದರೆ ನೀರಿನ ವಿಭಾಗ. "ಸಾರ್, ಕತ್ತಲಾದ್ರೆ ಸಾಕು..." ಎಂದರೆ ಬೀದಿದೀಪ. "ಸಾರ್, ಪಕ್ಕದ ಮನೆಯವರು..." ಎಂದರೆ ಚರಂಡಿ, ಇಲ್ಲವೇ ಕಾಂಪೌಂಡು, ನನ್ನ ಗ್ರಹಚಾರ ಕೆಟ್ಟಿದ್ದರೆ ಎರಡೂ. ಅವರು ಪಕ್ಕದ ಮನೆಯವರ ಜನ್ಮ ಜಾಲಾಡುತ್ತಿರುವಾಗಲೇ ನಾನು ಚೀಟಿ ಹರಿದು ಕೈಗಿಟ್ಟು, "ಆಯ್ತು, ನೋಡೋಣ. ಮುಂದಿನವರು ಬನ್ನಿ!" ಎಂದು ಕೂಗಿರುತ್ತೇನೆ. ದೂರನ್ನು ಕೊನೆಯವರೆಗೆ ಕೇಳುವುದು ಹೊಸದಾಗಿ ಕೆಲಸಕ್ಕೆ ಸೇರಿದವರ ಚಾಳಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಭಿಪ್ರಾಯಗಳಿಗೆ ನನ್ನ ಹತ್ತಿರ ಎಂದೂ ಬರವಿಲ್ಲ.

ಆ "ಮುಂದಿನವರು ಬನ್ನಿ" ಇದೆಯಲ್ಲ, ಅದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ. ನನ್ನ ಕಂಠ ಅಂಥದ್ದು. ಊರವರು ನನ್ನನ್ನು ಮೈಕಣ್ಣ ಎನ್ನುತ್ತಾರೆ. ಗೇಲಿಗೆ ಇಟ್ಟ ಹೆಸರೋ ಗೌರವಕ್ಕೋ ಎಂದು ವಿಚಾರಿಸಲು ನಾನು ಹೋಗಿಲ್ಲ, ಗೌರವಕ್ಕೇ ಎಂದುಕೊಂಡು ಆರಾಮವಾಗಿದ್ದೇನೆ. ಬಚ್ಚಲಲ್ಲಿ ಕೆಮ್ಮಿದರೂ ಅದು ಹೇಗೆ ಮೊಳಗಿತು ಎಂದು ಕಿವಿಗೊಡುವ ಪ್ರಾಣಿ ನಾನು. ಮದುವೆಯಾದ ಹೊಸತರಲ್ಲಿ ನನ್ನಾಕೆಯೂ ಈ ಕಂಠಕ್ಕೆ ಮರುಳಾಗಿದ್ದಳು. ಈಗ, "ರೀ, ನಾನು ಇಲ್ಲೇ ಪಕ್ಕದಲ್ಲಿದೀನಿ, ಸ್ವಲ್ಪ ಮೆಲ್ಲಗೆ" ಎನ್ನುತ್ತಾಳೆ.

ಒಂದು ಸಂಜೆ ನಾನು ಪೇಪರ್ ಹಿಡಿದು ಕೂತಿದ್ದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಈ ಬಲ್ಬಿನ ಸುತ್ತ ಯಾಕೋ ಬಣ್ಣ ಬಣ್ಣದ..." ಎಂದಳು.

"ಹಳೇದಾಗಿದೆ. ಬದಲಾಯಿಸೋಣ."

"ಅಲ್ಲ ರೀ, ನಾ ಹೇಳಿದ್ದು..."

"ಆಯ್ತು ಅಂದ್ನಲ್ಲ ಇವಳೇ, ನಾಳೆನೇ ತರ್ತೀನಿ."

ತಂದೂಬಿಟ್ಟೆ. ಕಚೇರಿಯಲ್ಲಿ ಬೀದಿದೀಪದ ದೂರು ಕೊಳೆತು ಗೊಬ್ಬರವಾಗುತ್ತದೆ, ಮನೆಯಲ್ಲಿ ಮರುದಿನವೇ ವಿಲೇವಾರಿ. ಹೊಸ ಬಲ್ಬು ಹಾಕಿ ಸ್ಟೂಲಿನಿಂದ ಇಳಿದು ನೋಡಿದರೆ ಅವಳು ಎಡಗಣ್ಣಿನ ಮೇಲೆ ಅಂಗೈ ಇಟ್ಟು ಬಲ್ಬನ್ನೇ ನೋಡುತ್ತಿದ್ದಳು. ಆಮೇಲೆ ಕೈ ತೆಗೆದು ನೋಡಿದಳು. ಮತ್ತೆ ಇಟ್ಟಳು. ನನ್ನ ಕೆಲಸವನ್ನು ಎಲ್ಲ ಕೋನದಿಂದಲೂ ಮೆಚ್ಚುತ್ತಿದ್ದಾಳೆ ಎಂದುಕೊಂಡೆ. ಅವಳ ಅಮ್ಮ, ಅಂದರೆ ನಮ್ಮತ್ತೆ, ಕಡೆಗಾಲದಲ್ಲಿ ಎರಡೂ ಕಣ್ಣು ಕಳೆದುಕೊಂಡು ಗೋಡೆ ಹಿಡಿದು ಓಡಾಡುತ್ತಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆ ಕ್ಷಣದಲ್ಲಿ ಅದು ನೆನಪಾಗಬೇಕಿತ್ತು, ಆಗಲಿಲ್ಲ. "ಸರಿಹೋಯ್ತಾ?" ಎಂದು ಕೇಳಿದೆ. "ಬೆಳಕು ಜಾಸ್ತಿಯಾಯ್ತು" ಎಂದು ಒಳಗೆ ಹೋದಳು.

ಅದೇ ದಿನಗಳಲ್ಲಿ ನಮ್ಮ ಕಚೇರಿಗೆ ಕಸದ ಹೊಸ ಗಾಡಿ ಬಂತು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಬೀದಿ ಬೀದಿಯಲ್ಲಿ ಸಾರುವುದಕ್ಕೆ ಅದರ ನೆತ್ತಿಯ ಮೇಲೆ ಒಂದು ಸ್ಪೀಕರು. ಸಾರುವವರು ಯಾರು? ಸಾಹೇಬರು, ಎಂದರೆ ನಮ್ಮ ಮುಖ್ಯಾಧಿಕಾರಿಗಳು, ತಲೆಯೆತ್ತಿ ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದರು. ಅವರ ಕಣ್ಣು ನನ್ನ ಹತ್ತಿರ ಬರುವಷ್ಟರಲ್ಲಿ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡಾಗಿತ್ತು.

"ನೀವೇ ಮಾಡಿ ಮಾರಾಯ್ರೆ, ಹೇಗೂ ದಿನಾ ಕೂಗ್ತೀರ" ಎಂದರು ಸಾಹೇಬರು.

ಕಚೇರಿಯಲ್ಲಿ ಗಲಾಟೆ. ಹಾಗಾಗಿ ಭಾನುವಾರ ಮನೆಯಲ್ಲೇ, ಹಾಸಿಗೆ ಹೊದಿಕೆ ಒಟ್ಟಿದ್ದ ಕೋಣೆಯಲ್ಲಿ, ಫೋನು ಎದುರಿಗಿಟ್ಟುಕೊಂಡು ಕೂತೆ. ನನ್ನಾಕೆಗೆ ಕಟ್ಟಪ್ಪಣೆ ಮಾಡಿದೆ. ಫ್ಯಾನು ಬಂದ್, ಮಿಕ್ಸಿ ಬಂದ್, ಪಾತ್ರೆ ತೊಳೆಯುವುದು ಬಂದ್. "ಉಸಿರಾಡಬಹುದಾ?" ಎಂದು ಕೇಳಿದಳು. "ಮೆಲ್ಲಗೆ" ಎಂದೆ. ಪಾಪ, ಬಾಗಿಲ ಹೊರಗೆ ಮಣೆ ಹಾಕಿಕೊಂಡು ಬಾಯಿಗೆ ಸೆರಗು ಒತ್ತಿ ಕೂತಳು. ನಾನು, "ಮಾನ್ಯ ನಾಗರಿಕರೇ!" ಎಂದು ಶುರುಮಾಡಿ, ಕಸದಲ್ಲಿ ಇಷ್ಟೊಂದು ರಸವಿದೆಯೇ ಎನ್ನುವ ಹಾಗೆ ಏರಿಸಿ ಇಳಿಸಿ, "ಧನ್ಯವಾದಗಳು" ಎಂಬಲ್ಲಿಗೆ ತಂದು ನಿಲ್ಲಿಸಿದೆ. ಆ ಕೊನೆಯ "ಗಳು"ವನ್ನು ಎಷ್ಟು ಎಳೆದೆನೆಂದರೆ ನನಗೇ ಮೈ ಜುಂ ಎಂದಿತು. ಆಮೇಲೆ ಅವಳು ಒಳಗೆ ಬಂದು ಏನೋ ಹೇಳಿದಳು. ನಾನು ಹೂಂ ಎಂದೆ. ನನ್ನ ಧ್ವನಿ ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು" ಎಂದಳು. ಆ ಒಂದು ಮಾತು ಮಾತ್ರ ನನಗೆ ನೆನಪಿತ್ತು.

ನಮ್ಮ ಕಚೇರಿಯ ಪದ್ಧತಿ ನಿಮಗೆ ಗೊತ್ತಿಲ್ಲ. ಅಲ್ಲಿ ಯಾರೂ ಯಾವುದನ್ನೂ ಕೊನೆಯವರೆಗೆ ಓದುವುದಿಲ್ಲ, ಕೇಳುವುದಿಲ್ಲ. ಕೆಳಗಿನವರು ನೋಡಿರುತ್ತಾರೆ ಎಂದು ಮೇಲಿನವರು, ಮೇಲಿನವರು ನೋಡುತ್ತಾರೆ ಎಂದು ಕೆಳಗಿನವರು ರುಜು ಹಾಕುತ್ತಾರೆ. ಸಾಹೇಬರು "ಮಾನ್ಯ ನಾಗರಿಕರೇ" ಕೇಳಿ, "ಭೇಷ್" ಎಂದು ಫೋನ್ ಬಂದಿತೆಂದು ಎದ್ದುಹೋದರು. ಆರೋಗ್ಯ ವಿಭಾಗದವರು ಹಸಿ ಕಸದವರೆಗೆ ಕೇಳಿ ತಲೆದೂಗಿದರು. ಕಂಪ್ಯೂಟರಿನವನಿಗೆ ಅಷ್ಟೂ ಬೇಡವಾಯಿತು, ಫೋನಿನಲ್ಲಿದ್ದುದನ್ನು ಇದ್ದ ಹಾಗೇ ಎತ್ತಿ ಪೆನ್‌ಡ್ರೈವಿಗೆ ಹಾಕಿದ. ಬೇರೆಯವರನ್ನು ಯಾಕೆ ಅನ್ನಲಿ? ನಾನೇ ಅದನ್ನು ಬೇಕಾದಷ್ಟು ಸಲ ಕೇಳಿದ್ದೆ. ಪ್ರತಿ ಸಲವೂ "ಧನ್ಯವಾದಗಳು" ಬಂದ ತಕ್ಷಣ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿಕೊಳ್ಳುತ್ತಿದ್ದೆ. ನನ್ನ ಭಾಗ ಮುಗಿದ ಮೇಲೆ ಪ್ರಪಂಚದಲ್ಲಿ ಕೇಳುವಂಥದ್ದು ಇನ್ನೇನಿರುತ್ತದೆ?

ಗಾಡಿ ಓಡಿಸುವವಳು ಗಟ್ಟಿ ಹೆಂಗಸು, ಎಲ್ಲರೂ ಡ್ರೈವರಮ್ಮ ಎನ್ನುತ್ತಾರೆ. ಮೊದಲ ದಿನವೇ ನನ್ನ ಕಿಟಕಿಗೆ ಬಂದಳು.

"ಸಾರ್, ನಿಮ್ಮ ರೆಕಾರ್ಡು ಕೊನೇಲಿ ಸ್ವಲ್ಪ..."

"ಕೊನೇಲಿ ‘ಧನ್ಯವಾದಗಳು’ ಅಂತ ಇದೆ ಕಣಮ್ಮ. ಜಾಸ್ತಿ ಎಳೆದೆ ಅಂತೀಯಾ? ಅದು ಬೇಕು. ಅದೇ ಸ್ಟೈಲು."

"ಅದಲ್ಲ ಸಾರ್, ಅದಾದ್ಮೇಲೆ..."

"ಅದಾದ್ಮೇಲೆ ಮತ್ತೆ ಮೊದಲಿಂದ ಬರುತ್ತೆ. ಮುಂದಿನವರು ಬನ್ನಿ!"

ಡ್ರೈವರಮ್ಮ ನನ್ನನ್ನು ಒಂದು ಥರ ನೋಡಿದಳು. ಅಭಿಮಾನ ಎಂದುಕೊಂಡೆ.

ಗಾಡಿ ನಮ್ಮ ಬೀದಿಗೆ ಬರುವ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತಿದ್ದೆ, ಕಚೇರಿಯ ಬೀದಿಗೆ ಅದು ಬರುವುದು ಕಚೇರಿ ಬಾಗಿಲು ತೆರೆಯುವ ಮುಂಚೆಯೇ. ಭಾನುವಾರ ಗಾಡಿಗೆ ರಜೆ. ಆದರೂ ಒಂದು ದಿನ ತಡೆಯಲಾರದೆ ಬೇಗ ಎದ್ದು ಮೆಡಿಕಲ್ ಶಾಪಿನ ಮುಂದೆ ಹೋಗಿ ನಿಂತೆ. ಗಾಡಿ ಬಂತು. ಕಣ್ಣು ಮುಚ್ಚಿಕೊಂಡು ಕೇಳಿದೆ. ಬೀದಿಗೆ ಬೀದಿಯೇ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದೆ! "ಧನ್ಯವಾದಗಳು" ಆಗುತ್ತಿದ್ದಂತೆ ನಾನು ಮೆಡಿಕಲ್ ಶಾಪಿನವರ ಕಡೆ ತಿರುಗಿ, "ಹೇಗಿದೆ? ಆ ‘ಒಣ ಕಸ’ ಅನ್ನೋ ಜಾಗದಲ್ಲಿ ನೋಡಿ, ಸ್ವಲ್ಪ ತಗ್ಗಿಸಿದೀನಿ, ಯಾಕೆ ಅಂದ್ರೆ..." ಎಂದು ಶುರುಮಾಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟು, "ಶ್! ಕೇಳಿಸ್ಕೊಳ್ಳಿ" ಎಂದರು. ಗಾಡಿ ಮೂಲೆ ತಿರುಗುತ್ತಿತ್ತು, ಮತ್ತೆ ಮೊದಲಿನಿಂದ ಕೇಳುವ ಆಸೆ ಇವರಿಗೆ ಎಂದುಕೊಂಡು ನಾನು ಇನ್ನೂ ಜೋರಾಗಿ ವಿವರಿಸಿದೆ. ಅವರು ಉಸ್ಸಪ್ಪಾ ಎಂದು ಒಳಗೆ ಹೋಗಿಬಿಟ್ಟರು.

ಅಲ್ಲಿಂದ ಊರು ನನ್ನ ಮೇಲೆ ವಿಪರೀತ ಪ್ರೀತಿ ತೋರಿಸತೊಡಗಿತು. ಕ್ಷೌರದ ಅಂಗಡಿಗೆ ಹೋದರೆ, "ಮೈಕಣ್ಣ, ಅಕ್ಕ ಹೇಗಿದಾರೆ?" ಬಸ್ ಕಂಡಕ್ಟರು ಚೀಟಿ ಕೊಡುವಾಗ, "ಮನೆಯವರು ಆರಾಮಾ?" ನಾನು, "ಆರಾಮ್, ಆರಾಮ್, ಏನೂ ತೊಂದ್ರೆ ಇಲ್ಲ" ಎಂದು ಕೈ ಬೀಸುತ್ತಿದ್ದೆ. ದೊಡ್ಡ ಮನುಷ್ಯರ ಮನೆಯವರನ್ನು ಊರು ವಿಚಾರಿಸಿಕೊಳ್ಳುವುದು ಸಹಜ ತಾನೇ? ಒಬ್ಬ ಅಜ್ಜ ಕಿಟಕಿಯ ಮುಂದೆ ನಿಂತು, "ಅಪ್ಪಾ, ಆ ಬಲ್ಬಿನ ವಿಷಯ..." ಎಂದದ್ದೇ ತಡ, ಬೀದಿದೀಪದ ಚೀಟಿ ಹರಿದು ಕೊಟ್ಟೆ. ಅಜ್ಜ ಚೀಟಿಯನ್ನೂ ನನ್ನ ಮುಖವನ್ನೂ ನೋಡಿ, "ಅಯ್ಯೋ ಕರ್ಮವೇ" ಎಂದು ಹಣೆ ಚಚ್ಚಿಕೊಂಡು ಹೋದ. ವಯಸ್ಸಾಯಿತು, ಮರೆವು ಎಂದುಕೊಂಡೆ.

ಮನೆಯಲ್ಲೂ ಒಂದು ದಿನ ಅವಳು ಊಟಕ್ಕೆ ಬಡಿಸುತ್ತಾ, "ರೀ, ಆ ಗಾಡೀಲಿ ನಮ್ಮ..." ಎಂದಳು.

"ಗೊತ್ತು, ಗೊತ್ತು. ಊರೆಲ್ಲಾ ಅದೇ ಮಾತು."

"ನಿಮಗೆ ಗೊತ್ತಾ?" ಎಂದು ಸೌಟು ಹಿಡಿದೇ ನಿಂತಳು.

"ಗೊತ್ತಿಲ್ದೆ ಏನು! ದಿನಾ ವಿಚಾರಿಸ್ತಾರೆ."

"ಗೊತ್ತಿದ್ದೂ..." ಎಂದಳು. ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಬಗ್ಗಿಸಿದಳು, ಮೇಜೆಲ್ಲ ನೀರಾಯಿತು. "ನೋಡ್ಕೊಂಡು ಇವಳೇ" ಎಂದೆ. ಹೌದು, ಹಾಗೇ ಎಂದೆ.

ಇಷ್ಟರಲ್ಲಿ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಸುತ್ತಮುತ್ತಲಿನ ಊರುಗಳಲ್ಲೆಲ್ಲ ಕಸ ಬೇರೆ ಮಾಡಿ ಕೊಡುವುದರಲ್ಲಿ ನಮ್ಮ ಊರೇ ಮುಂದಂತೆ. ಬೇರೆ ಊರುಗಳಲ್ಲಿ ಗಾಡಿ ಬಂದು ಹೋದಮೇಲೆ ಜನ ಬಕೆಟ್ಟು ಹಿಡಿದು ಹಿಂದೆ ಓಡುತ್ತಾರೆ, ನಮ್ಮಲ್ಲಿ ಗಾಡಿ ಬರುವ ಮುಂಚೆಯೇ ಬಾಗಿಲಲ್ಲಿ ನಿಂತು ಕೊನೆಯವರೆಗೆ ಕೇಳುತ್ತಾರಂತೆ. ಊರಿಗೊಂದು ಪ್ರಶಸ್ತಿ ಫಲಕ ಬರುವುದೆಂದೂ, ಆ ಸಭೆಯಲ್ಲಿ ನನಗೆ ಸನ್ಮಾನವೆಂದೂ ಸಾಹೇಬರು ಹೇಳಿದರು. ನಾನು ಹೊಸ ಅಂಗಿ ಹೊಲಿಸಿದೆ. ಕನ್ನಡಿಯ ಮುಂದೆ ನಿಂತು ವಿನಯ ಅಭ್ಯಾಸ ಮಾಡಿದೆ, ಅದೊಂದು ನನಗೆ ಸಲೀಸಾಗಿ ಬರುವುದಿಲ್ಲ.

"ನೀನೂ ಬಾ, ಮುಂದಿನ ಸಾಲಲ್ಲಿ ಕೂರಿಸ್ತಾರೆ" ಎಂದೆ ನನ್ನಾಕೆಗೆ.

"ತಲೆ ಸಿಡೀತಿದೆ. ನೀವು ಹೋಗ್ಬನ್ನಿ" ಎಂದಳು. ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ನಾನು ಕಾಲರು ಸರಿಮಾಡಿಕೊಳ್ಳುತ್ತಿದ್ದೆ.

ಸಭೆ ಕಚೇರಿಯ ಮೇಲಿನ ಹಾಲಿನಲ್ಲಿ. ಊರಿಗೆ ಊರೇ ಬಂದು ಕೂತಿತ್ತು, ಕಿಟಕಿಯಲ್ಲೂ ತಲೆಗಳು. ಗಾಡಿಯ ಸ್ಪೀಕರನ್ನೇ ಬಿಚ್ಚಿ ತಂದು ವೇದಿಕೆಯ ಮೂಲೆಯಲ್ಲಿಟ್ಟಿದ್ದರು. ಸಾಹೇಬರು ನನ್ನ ವಿಷಯ ಮಾತಾಡಿ, "ಈಗ ಆ ಸುಮಧುರ ಕಂಠವನ್ನು ಮೊದಲಿನಿಂದ ಕೊನೆಯವರೆಗೆ ಕೇಳೋಣ" ಎಂದರು. ಕಂಪ್ಯೂಟರಿನವನು ಗುಂಡಿ ಒತ್ತಿದ. ನಾನು ಅಭ್ಯಾಸ ಮಾಡಿದ್ದ ವಿನಯವನ್ನೆಲ್ಲ ಮುಖದ ಮೇಲೆ ತಂದುಕೊಂಡು ತಲೆ ತಗ್ಗಿಸಿ ಕೂತೆ.

"ಮಾನ್ಯ ನಾಗರಿಕರೇ!" ಹಾಲು ಗುಡುಗಿತು. ಹಸಿ ಕಸ ಹೋಯಿತು, ಒಣ ಕಸ ಹೋಯಿತು, "ಧನ್ಯವಾದಗಳು" ಬಂದು ನಿಂತಿತು. ಚಪ್ಪಾಳೆ ಸ್ವೀಕರಿಸಲು ನಾನು ಎದ್ದೆ. ಒಂದು ಚಪ್ಪಾಳೆಯೂ ಇಲ್ಲ. ಅಷ್ಟು ಜನವೂ ಇನ್ನೂ ಸ್ಪೀಕರನ್ನೇ ನೋಡುತ್ತಿದ್ದಾರೆ. ನಾನು ಅರ್ಧ ಎದ್ದವನು ಅರ್ಧದಲ್ಲೇ ಇದ್ದೆ.

"ರೀ, ಮುಗೀತಾ? ಇನ್ನು ಉಸಿರಾಡ್ಲಾ?"

ನನ್ನಾಕೆ ಸಭೆಗೆ ಬಂದುಬಿಟ್ಟಳೆಂದು ಸುತ್ತ ನೋಡಿದೆ. ಎಲ್ಲೂ ಇಲ್ಲ. ಆಮೇಲೆ ಸ್ಪೀಕರಿನಿಂದ ಒಂದು "ಹೂಂ" ಬಂತು. ಅದು ನನ್ನದು.

"ರೀ, ಬಲ್ಬು ಬದಲಾಯಿಸಿದ್ರೂ ಅದೇ ಕಾಣ್ತಿದೆ. ಸುತ್ತ ಬಣ್ಣದ ಬಳೆ. ಬಲ್ಬಲ್ಲ ರೀ, ಕಣ್ಣು."

"ಹೂಂ."

"ನಿನ್ನೆ ಎಡಗಡೆ ಬಾಗಿಲು ಇರೋದೇ ಗೊತ್ತಾಗದೆ ಭುಜ ಹೊಡ್ಕೊಂಡೆ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು."

"ಹೂಂ."

"ಭಯ ಆಗ್ತಿದೆ ರೀ. ಒಂದ್ಸಲ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀರಾ?"

"ಹೂಂ, ನೋಡೋಣ. ಅದಿರ್ಲಿ, ನನ್ನ ಧ್ವನಿ ಹೇಗಿತ್ತು ಹೇಳು."

ಸ್ಪೀಕರಿನಲ್ಲಿ ಏನೂ ಇಲ್ಲ. ಹಾಲಿನಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಮುಂದೇನು ಬರುತ್ತದೆ ಎಂದು ಅವರೆಲ್ಲರಿಗೂ ಬಾಯಿಪಾಠವಾಗಿತ್ತು.

"ಚೆನ್ನಾಗಿತ್ತು" ಎಂದಳು ನನ್ನಾಕೆ, ಸಣ್ಣ ಧ್ವನಿಯಲ್ಲಿ.

ಅಲ್ಲಿಗೆ ನಿಂತಿತು. ಆ ಮಾತನ್ನೇ ನಾನು ಇಷ್ಟು ದಿನ ಮೆಡಲಿನ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ್ದೆನಲ್ಲ ಎಂದು ನೆನೆದರೆ ನೆಲ ಬಾಯಿಬಿಡಬಾರದೇ ಎನಿಸಿತು. ಸಾಹೇಬರು ಮೊದಲ ಸಲ ಪೂರ್ತಿ ಕೇಳಿದ್ದರು, "ಇದೇನ್ರೀ ಇದು?" ಎಂದು ಪಿಸುಗುಟ್ಟಿದರು. ಹಿಂದಿನ ಸಾಲಿನಿಂದ ಮೆಡಿಕಲ್ ಶಾಪಿನವರು ಎದ್ದು ನಿಂತರು.

"ಮೈಕಣ್ಣ, ಇವತ್ತಾದ್ರೂ ಹೇಳಿ. ಅಕ್ಕನ್ನ ಕರ್ಕೊಂಡು ಹೋದ್ರಾ?"

ಎದುರಿಗೆ ಮೈಕು ಇತ್ತು. ಬಸ್ ಸ್ಟ್ಯಾಂಡಿಗೆ ಕೇಳಿಸುವ ನನ್ನ ಕಂಠದಿಂದ "ಇಲ್ಲ" ಎಂಬುದು ಬಾಗಿಲಿಗೆ ಸಿಕ್ಕ ಬೆಕ್ಕಿನ ಮರಿಯ ಹಾಗೆ ಹೊರಬಂತು. ಫಲಕ, ಹೂಗುಚ್ಛ ಎಲ್ಲ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ.

ಮನೆಗೆ ಬೀಗ. ಎದುರುಮನೆಯ ಟೈಲರಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಗಾಡಿಗೆ ಇವತ್ತು ಸ್ಪೀಕರಿಲ್ವಲ್ಲ, ಕೆಲಸ ಬೇಗ ಮುಗೀತಂತೆ. ಡ್ರೈವರಮ್ಮ ಬಂದು ನಿಮ್ಮ ಮನೆಯಾಕೆನ ಆಸ್ಪತ್ರೆಗೆ ಹತ್ತಿಸ್ಕೊಂಡು ಹೋದ್ಲು. ಕಣ್ಣಿನ ಡಾಕ್ಟ್ರು ಬರೋ ದಿನ." ಆಮೇಲೆ ತಲೆಯೆತ್ತಿ, "ಕೇಳಿಸ್ತಾ ಕೊನೆಗೂ?" ಎಂದಳು.

ಆಸ್ಪತ್ರೆಯ ಮುಂದೆ ಕಸದ ಗಾಡಿ ನಿಂತಿತ್ತು. ಒಳಗೆ ಬೆಂಚಿನ ಮೇಲೆ ನನ್ನಾಕೆ, ಪಕ್ಕದಲ್ಲಿ ಡ್ರೈವರಮ್ಮ. ಹನಿ ಹಾಕಿ ಕಣ್ಣು ಮುಚ್ಚಿಸಿ ಕೂರಿಸಿದ್ದರು. ಡಾಕ್ಟರು ನನ್ನನ್ನು ಒಳಗೆ ಕರೆದು, ಕಣ್ಣಿನೊಳಗಿನ ಒತ್ತಡ ಏರಿರುವುದನ್ನೂ, ಎಡಗಣ್ಣಿನ ನರ ಸೊರಗಿರುವುದನ್ನೂ, ಚಿತ್ರ ಬರೆದು ವಿವರಿಸಿದರು. ನಾನು ಬಾಯಿ ಹಾಕದೆ ಪೂರ್ತಿ ಕೇಳಿದೆ.

"ಹೋದ ದೃಷ್ಟಿ ವಾಪಸ್ ಬರಲ್ಲ. ಎಡಗಣ್ಣಲ್ಲಿ ಪಕ್ಕದ್ದು ಕಾಣಲ್ಲ ಇನ್ನು. ಬಲಗಣ್ಣು ಚೆನ್ನಾಗಿದೆ. ಲೇಸರ್ ಮಾಡಿಸಿ, ಹನಿ ತಪ್ಪಿಸಬೇಡಿ, ಉಳ್ಕೊಳ್ಳುತ್ತೆ. ಸ್ವಲ್ಪ ಮೊದಲೇ ಬಂದಿದ್ರೆ ಎಡಗಡೇದೂ ಉಳೀತಿತ್ತು. ಯಾಕೆ ತಡ ಮಾಡಿದ್ರಿ?"

ಬಾಗಿಲಾಚೆ ಬೆಂಚಿನಿಂದ ನನ್ನಾಕೆಯೇ ಹೇಳಿದಳು: "ಮನೇಲಿ ಸ್ವಲ್ಪ ಕೆಲಸ ಜಾಸ್ತಿ ಇತ್ತು ಡಾಕ್ಟ್ರೇ."

ಡ್ರೈವರಮ್ಮ ಸೂರು ನೋಡಿದಳು. ಅವಳು ನನ್ನನ್ನು ಕಸದ ಜೊತೆ ಹಾಕಿಕೊಂಡು ಹೋಗಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ, ಯಾವ ಬುಟ್ಟಿಗೆ ಎಂದೂ ಕೇಳುತ್ತಿರಲಿಲ್ಲ.

ನನ್ನಾಕೆಯ ಪಕ್ಕ ಹೋಗಿ ಕೂತೆ. ಅಳು ಬರುತ್ತಿತ್ತು, ನುಂಗಿಕೊಂಡೆ. "ಕೇಳ್ದೆ ಕಣೇ. ಪೂರ್ತಿ" ಎಂದೆ.

"ಹೇಗಿತ್ತು ನನ್ನ ಧ್ವನಿ?" ಎಂದಳು, ಕಣ್ಣು ಮುಚ್ಚಿಕೊಂಡೇ.

ಡ್ರೈವರಮ್ಮ ಕಿಸಕ್ಕೆಂದು ನಕ್ಕು ಹೊರಗೆ ಹೋದಳು.

"ನೀನೊಬ್ಬಳೇ ಆದ್ರೂ ಬರಬಹುದಿತ್ತಲ್ಲ" ಎಂದೆ.

"ಕಣ್ಣು ಹೋಗುತ್ತೆ ಅಂತ ಹೇಳಿಸ್ಕೊಳ್ಳೋಕೆ ಒಬ್ಬಳೇ ಬರೋ ಧೈರ್ಯ ಇರ್ಲಿಲ್ಲ ರೀ. ಆಮೇಲೆ ಗಾಡೀಲಿ ದಿನಾ ನನ್ನ ಮಾತೇ ಬರೋಕೆ ಶುರುವಾಯ್ತು. ಮೊದಲ ದಿನ ನಾಚಿಕೆಯಾಗಿ ಬಾಗಿಲು ಹಾಕ್ಕೊಂಡೆ. ಆಮೇಲೆ, ಇರ್ಲಿ ಬಿಡು, ಮನೇಲಿ ಹೇಳಿದ್ದು ಕೇಳಿಸದಿದ್ರೂ ಬೀದೀಲಿ ಹೇಳಿದ್ದಾದ್ರೂ ಇವ್ರಿಗೆ ಕೇಳಿಸ್ಬಹುದು ಅಂತ ಕಾಯ್ತಿದ್ದೆ. ಆ ದಿನ ಊಟಕ್ಕೆ ಕೂತಾಗ ‘ಗೊತ್ತು’ ಅಂದ್ರಲ್ಲ, ಅವತ್ತು ಬಿಟ್ಟುಬಿಟ್ಟೆ."

ನಾನು ಅವಳ ಕೈ ಹಿಡಿದುಕೊಂಡೆ. ಅಳು ಈಗ ನುಂಗಲು ಆಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅದೂ ಮೈಕಿನ ಹಾಗೇ ಮೊಳಗಿತು, ಏನು ಮಾಡಲಿ, ನನ್ನ ಕಂಠ ಅಂಥದ್ದು.

ಸಾಹೇಬರ ಆಜ್ಞೆಯಂತೆ ಈಗ ರೆಕಾರ್ಡಿನ ಬಾಲ ಕತ್ತರಿಸಿದ್ದಾರೆ. ಗಾಡಿ ನನ್ನ "ಧನ್ಯವಾದಗಳು"ವಿಗೇ ಮುಗಿದುಹೋಗುತ್ತದೆ. ಜನ ಮತ್ತೆ ಬಕೆಟ್ಟು ಹಿಡಿದು ಗಾಡಿಯ ಹಿಂದೆ ಓಡುತ್ತಿದ್ದಾರೆ ಎಂದು ಡ್ರೈವರಮ್ಮ ನನ್ನ ಕಿಟಕಿಗೇ ಬಂದು ದೂರು ಕೊಟ್ಟಳು. ಪೂರ್ತಿ ಕೇಳಿಸಿಕೊಂಡೆ. ಕಿಟಕಿಯ ಮುಂದೆ ಸಾಲು ಈಗ ಗೇಟಿನವರೆಗೆ ಬೆಳೆಯುತ್ತದೆ, ಎಲ್ಲರೂ ಬೈಯುತ್ತಾರೆ. ಪಕ್ಕದ ಮನೆಯವರ ಕಾಂಪೌಂಡಿನ ಕಥೆ ಇಷ್ಟು ಉದ್ದ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಹನಿ ಹಾಕುವ ಕೆಲಸ ನನ್ನದು. ನಿನ್ನೆ ಸಂಜೆ ಹನಿ ಹಾಕಿ, ಸೀಸೆಗೆ ಮುಚ್ಚಳ ತಿರುಗಿಸುತ್ತಾ ಅವಳ ಪಕ್ಕ ಕೂತಿದ್ದೆ. ಅವಳು ಏನೋ ಹೇಳಿದಳು. ದರಿದ್ರ ಅಭ್ಯಾಸ, ಬಾಯಿಂದ "ಹೂಂ" ಎಂದು ಹೊರಟೇಹೋಯಿತು.

"ಹೂಂ ಅಲ್ಲ. ಏನು ಹೇಳ್ದೆ ಅಂತ ಹೇಳಿ" ಎಂದಳು.

ನಾನು ತಡವರಿಸಿದೆ. "ಇನ್ನೊಂದ್ಸಲ ಹೇಳು" ಎಂದೆ. ಅವಳು ಬೇಜಾರಿಲ್ಲದೆ ಮತ್ತೆ ಹೇಳಿದಳು. ನಾನು ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ: "ಎಡಗಡೆ ಕೂತ್ರೆ ನಿನಗೆ ನಾನು ಕಾಣಲ್ಲ. ಬಲಗಡೆ ಬಂದು ಕೂತ್ಕೋಬೇಕು."

"ಹೂಂ" ಎಂದಳು ಅವಳು.

ಎದ್ದು ಬಲಗಡೆ ಹೋಗಿ ಕೂತೆ.